ಗೇಟಿನಿಂದ ರೈಲು ಹಳಿವರೆಗೆ: ವೆಲ್ಡಿಂಗ್ ಮಷಿನ್ ಎಷ್ಟು ಬಗೆ? ಮಾಡಿಸುವವರಿಗೆ ಏನು ಗೊತ್ತಿರಬೇಕು?

ಟ್ರಾಲಿಯ ಹುಕ್ ಕಿತ್ತಿದೆ, ಅಂಗಡಿ ಶಟರ್ ಪಟ್ಟಿ ಬಿಟ್ಟಿದೆ, ಗೇಟಿನ ಕೀಲು ಮುರಿದಿದೆ. ಯಾರಿಗೇ ಆಗಲಿ ಮೊದಲು ನೆನಪಾಗೋದು ವೆಲ್ಡಿಂಗ್ ಶಾಪ್. ಆದರೆ ಎಲ್ಲಾ ಕೆಲಸಕ್ಕೂ ಒಂದೇ ಮಷಿನ್ ಸಾಕಾ? ಸಾಲಲ್ಲ.

ಕೆಲಸ ಮಾಡೋದು ಹೇಗೆ?

ಲೈನಿನಿಂದ ಬರುವ 230 ಅಥವಾ 415 ವೋಲ್ಟನ್ನು ಮಷಿನ್ ಕೆಳಗಿಳಿಸಿ ಆಂಪ್ಸ್ ಹೆಚ್ಚಿಸುತ್ತದೆ. ಒಂದು ಕೇಬಲ್ ರಾಡ್ ಹಿಡಿದ ಹೋಲ್ಡರ್‌ಗೆ, ಇನ್ನೊಂದು ಕಬ್ಬಿಣಕ್ಕೆ. ರಾಡ್ ತಾಗಿಸಿ ಚೂರು ಎತ್ತಿದರೆ ಕಿಡಿ ಹತ್ತುತ್ತದೆ. ಕಬ್ಬಿಣ ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕಿಡಿಯ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ತುಂಡುಗಳೂ ರಾಡೂ ಒಟ್ಟಿಗೆ ಕರಗಿ ಬೆಸೆದುಕೊಳ್ಳುತ್ತವೆ. ರಾಡಿನ ಮೇಲಿನ ಲೇಪ ಉರಿದು, ಕರಗಿದ ಜಾಗಕ್ಕೆ ಗಾಳಿ ತಾಗದಂತೆ ಕಾಯುತ್ತದೆ.

ಯಾವುದು ಎಲ್ಲಿಗೆ?

ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ ಭಾರ, ಕರೆಂಟೂ ಹೆಚ್ಚು ಎಳೆಯುತ್ತದೆ. ಆದರೆ ಗಟ್ಟಿ, ರಿಪೇರಿ ಸುಲಭ. ಇನ್ವರ್ಟರ್ ಮಷಿನ್ ಹೆಗಲಿಗೆ ಹಾಕಿಕೊಂಡು ಹೋಗುವಷ್ಟು ಹಗುರ. ಸಣ್ಣದಾದರೆ ಸಿಂಗಲ್ ಫೇಸ್‌ನಲ್ಲೇ ನಡೆಯುತ್ತದೆ. ಧೂಳು ಸೇರಿ ಒಳಗಿನ ಬೋರ್ಡ್ ಹೋದರೆ ಮಾತ್ರ ಖರ್ಚು.

ಮಿಗ್ ಮಷಿನ್‌ನಲ್ಲಿ ರಾಡ್ ಬದಲು ತೆಳು ತಂತಿ ತಾನೇ ಬರುತ್ತಿರುತ್ತದೆ, ಜೊತೆಗೆ ಗ್ಯಾಸ್. ವಾಹನದ ಬಾಡಿ, ಫರ್ನಿಚರ್ ಕೆಲಸಕ್ಕೆ ಬೇಗ. ಟಿಗ್‌ಗೆ ಆರ್ಗಾನ್ ಗ್ಯಾಸ್ ಬೇಕು. ಸ್ಟೀಲ್ ರೇಲಿಂಗ್, ಹೋಟೆಲ್ ಪಾತ್ರೆ, ಡೈರಿ ಪೈಪಿಗೆ ನುಣ್ಣನೆ ಬೆಸುಗೆ ಸಿಗುತ್ತದೆ. ಕಾರ್ ಕಾರ್ಖಾನೆಗಳಲ್ಲಿ ಸ್ಪಾಟ್ ವೆಲ್ಡಿಂಗ್: ತಾಮ್ರದ ಎರಡು ತುದಿಗಳ ನಡುವೆ ತಗಡು ಒತ್ತಿ ಕರೆಂಟ್ ಹಾಯಿಸುತ್ತಾರೆ. ಒಂದು ಕಾರಿಗೆ ಇಂಥ ಸಾವಿರಾರು ಚುಕ್ಕಿ. ರೈಲು ಹಳಿಯನ್ನು ಸ್ಥಳದಲ್ಲೇ ಜೋಡಿಸುವ ಥರ್ಮಿಟ್ ವಿಧಾನಕ್ಕೆ ಮಷಿನ್ನೇ ಬೇಡ. ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡ್ ಉರಿದು ಕರಗಿದ ಕಬ್ಬಿಣವೇ ಅಚ್ಚಿಗೆ ಇಳಿಯುತ್ತದೆ.

ಕಣ್ಣು, ಬೆಂಕಿ ಜೋಪಾನ

ಕಿಡಿಯಲ್ಲಿ ಅಲ್ಟ್ರಾವಯಲೆಟ್ ಕಿರಣ ಇರುತ್ತದೆ. ನೋಡಿದ ತಕ್ಷಣ ಏನೂ ಆಗಲ್ಲ. ಕೆಲವು ಗಂಟೆ ಬಿಟ್ಟು, ರಾತ್ರಿ ಮಲಗುವ ಹೊತ್ತಿಗೆ ಕಣ್ಣಲ್ಲಿ ಮರಳು ಸುರಿದಂತೆ ಉರಿ, ನೀರು. ವೆಲ್ಡರ್ ಮುಖಕ್ಕೆ ಕರಿ ಗ್ಲಾಸ್ ಇರುತ್ತದೆ, ಪಕ್ಕದಲ್ಲಿ ಪೈಪ್ ಹಿಡಿದು ನಿಂತ ಹುಡುಗನಿಗೆ ಇರಲ್ಲ. ಅವನಿಗೂ ಒಂದು ಬೇಕು. ಮಾಮೂಲಿ ಕೂಲಿಂಗ್ ಗ್ಲಾಸ್ ನಡೆಯಲ್ಲ. ಉರಿ ಬಂದರೆ ಮನೆಮದ್ದು ಹಾಕದೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಖಾಲಿ ಡೀಸೆಲ್ ಡ್ರಮ್ಮು, ಪೆಟ್ರೋಲ್ ಟ್ಯಾಂಕನ್ನು ಹಾಗೇ ವೆಲ್ಡಿಂಗ್‌ಗೆ ಕೊಡಬಾರದು. ಒಳಗೆ ಎಣ್ಣೆ ಇಲ್ಲದಿದ್ದರೂ ಉಳಿದ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಜಿಐ ಪೈಪಿನ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ, ಗಾಳಿಯಾಡುವ ಕಡೆಯೇ ಕೆಲಸ ಆಗಬೇಕು. ಅಂಗಡಿಯಲ್ಲೇ ಶಟರ್ ರಿಪೇರಿ ಆದರೆ ಬಟ್ಟೆ, ರಟ್ಟಿನ ಡಬ್ಬಿ ದೂರ ಇಟ್ಟು, ಬಕೆಟ್ ನೀರು ಹತ್ತಿರ ಇರಲಿ. ಬಿದ್ದ ಕಿಡಿ ಹೊಗೆಯಾಡಿ ತಡವಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೇ ಬೀಗ ಹಾಕಿ ಹೋಗದೆ ಕನಿಷ್ಠ ಅರ್ಧ ಗಂಟೆ ಕಾಯೋದು ಒಳ್ಳೇದು.

ಇನ್ನೊಂದು ಮಾತು: ಪೇಂಟ್ ಹೊಡೆಯುವ ಮೊದಲೇ ಬೆಸುಗೆ ನೋಡಬೇಕು. ಅಲ್ಲಲ್ಲಿ ಚುಕ್ಕಿ ಇಟ್ಟು ಬಿಟ್ಟಿದ್ದಾರಾ, ತೂತು, ಬಿರುಕು ಇದೆಯಾ? ಬಣ್ಣ ಬಿದ್ದ ಮೇಲೆ ಒಳ್ಳೇ ಬೆಸುಗೆ, ಕೆಟ್ಟ ಬೆಸುಗೆ ಎರಡೂ ಒಂದೇ ಥರ ಕಾಣುತ್ತವೆ. ಗೊತ್ತಾಗೋದು ತುಂಬಿದ ಟ್ರಾಲಿ ಏರು ಹತ್ತುವಾಗ.