ಗಾಂಧಾರಿ ಮೆಣಸು

ಗಾಂಧಾರಿ ಮೆಣಸು ಕರ್ನಾಟಕದ ಮಲೆನಾಡು, ಕರಾವಳಿ ಹಾಗೂ ಕೊಡಗಿನ ಹಿತ್ತಲುಗಳಲ್ಲಿ ಬೆಳೆಯುವ, ಗಾತ್ರದಲ್ಲಿ ಚಿಕ್ಕದಾದರೂ ಅತಿ ಖಾರವಾದ ಮೆಣಸಿನಕಾಯಿ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಪ್ಸಿಕಮ್ ಫ್ರುಟೆಸೆನ್ಸ್. ಬದನೆಯ ಕುಟುಂಬಕ್ಕೆ ಸೇರಿದೆ. ಸೂಜಿ ಮೆಣಸು, ಜೀರಿಗೆ ಮೆಣಸು ಎಂಬ ಹೆಸರುಗಳೂ ಇವೆ. ಕೊಡಗಿನಲ್ಲಿ ಇದು ಪರಂಗಿ ಮೆಣಸು. ಪರಂಗಿ ಎಂದರೆ ವಿದೇಶಿ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂದಿತು. ಅದಕ್ಕೂ ಮೊದಲು ಅಡುಗೆಯ ಖಾರಕ್ಕೆ ಕಾಳುಮೆಣಸೇ ಮುಖ್ಯ ಆಧಾರವಾಗಿತ್ತು.

ಬೆಳೆಯುವ ಕ್ರಮ

ಇದು ಹಲವು ವರ್ಷ ಬಾಳುವ ಪೊದೆಗಿಡ. ಕಾಯಿಗಳು ಮೇಲ್ಮುಖವಾಗಿ ನಿಂತು, ಬಲಿತಾಗ ಕೆಂಪಾಗುತ್ತವೆ. ಹಣ್ಣುಗಳನ್ನು ತಿನ್ನುವ ಹಕ್ಕಿಗಳು ಬೀಜ ಪ್ರಸಾರ ಮಾಡುವುದರಿಂದ, ಯಾರೂ ಬಿತ್ತದೆಯೇ ಗಿಡಗಳು ಹುಟ್ಟುವುದುಂಟು. ನೀರು ನಿಲ್ಲದ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಇದ್ದರೆ ನಗರದ ತಾರಸಿಯ ಕುಂಡದಲ್ಲೂ ಬೆಳೆಯುತ್ತದೆ. ಬೀಜ ಮೊಳೆಯಲು ಎರಡು ಮೂರು ವಾರ ಹಿಡಿಯಬಹುದು. ಕಾಯಿ ಸಣ್ಣದಾದ್ದರಿಂದ ಕೊಯ್ಲಿಗೆ ಹೆಚ್ಚು ಶ್ರಮ ಬೇಕು.

ಖಾರದ ಕಾರಣ

ಖಾರವು ನಾಲಿಗೆಯ ರುಚಿಯಲ್ಲ, ಒಂದು ಬಗೆಯ ನೋವು. ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು ಬಿಸಿಯನ್ನು ಗುರುತಿಸುವ ನರಗ್ರಾಹಕವನ್ನು ಕೆರಳಿಸುತ್ತದೆ. ಆದ್ದರಿಂದ ಬಾಯಿ ಸುಟ್ಟಂತಾಗುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಕ್ಕಿಗಳ ಗ್ರಾಹಕಕ್ಕೆ ಕ್ಯಾಪ್ಸೈಸಿನ್ ತಟ್ಟುವುದಿಲ್ಲ. ಖಾರವಿರುವುದು ಬೀಜದಲ್ಲಿ ಎಂಬ ನಂಬಿಕೆ ಸರಿಯಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳೇ ಅದರ ನೆಲೆ.

ಖಾರದ ಅಳತೆ

ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಮಾನದಿಂದ ಖಾರವನ್ನು ಅಳೆಯುತ್ತಾರೆ. ಗಾಂಧಾರಿಯಂತಹ ಸಣ್ಣ ಮೆಣಸುಗಳು ಸಾಮಾನ್ಯವಾಗಿ 50,000ದಿಂದ 1,00,000 ಸ್ಕೋವಿಲ್ ಮಾನದಲ್ಲಿರುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ವಿರುದ್ಧ: ಖಾರ ಕಡಿಮೆ, ಬಣ್ಣ ಗಾಢ. ಈಶಾನ್ಯ ಭಾರತದ ಭೂತ್ ಜೊಲೋಕಿಯಾ 2007ರಲ್ಲಿ ಹತ್ತು ಲಕ್ಷಕ್ಕೂ ಮೀರಿದ ಮಾನದೊಂದಿಗೆ ಗಿನ್ನೆಸ್ ದಾಖಲೆ ಸೇರಿತು. 2023ರಲ್ಲಿ ಅಮೆರಿಕದ ಪೆಪ್ಪರ್ ಎಕ್ಸ್ ತಳಿ 26,93,000 ಮಾನದ ದಾಖಲೆ ಸ್ಥಾಪಿಸಿತು.

ಬಳಕೆ ಮತ್ತು ಎಚ್ಚರಿಕೆ

ಗಾಂಧಾರಿಯನ್ನು ಚಟ್ನಿ, ಉಪ್ಪಿನಕಾಯಿ, ಗೊಜ್ಜುಗಳಲ್ಲಿ ಬಳಸುತ್ತಾರೆ. ಒಂದೆರಡು ಕಾಯಿಗಳೇ ಸಾಕಾಗುತ್ತವೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ, ಬಾಯಿ ಉರಿದಾಗ ನೀರಿಗಿಂತ ಹಾಲು ಅಥವಾ ಮೊಸರು ಹೆಚ್ಚು ಹಿತ. ಕಾಯಿ ಹೆಚ್ಚಿದ ಕೈಗೆ ಎಣ್ಣೆ ಸವರಿ ಸೋಪಿನಿಂದ ತೊಳೆಯಬೇಕು. ಅದೇ ಕೈಯಿಂದ ಕಣ್ಣು ಮುಟ್ಟಬಾರದು. ಪಂತ ಕಟ್ಟಿ ಅತಿ ಖಾರದ ತಳಿಗಳನ್ನು ತಿನ್ನುವುದು ಅಪಾಯಕರ. ಸ್ಪರ್ಧೆಯಲ್ಲಿ ಕೆರೊಲಿನಾ ರೀಪರ್ ತಿಂದ ವ್ಯಕ್ತಿಯೊಬ್ಬರಿಗೆ ಮಿದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಸಂಕುಚಿತಗೊಂಡು, ತೀವ್ರ ತಲೆನೋವು ಉಂಟಾದ ಪ್ರಕರಣ 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.