ಹೊಸ ಬಡಾವಣೆಯಲ್ಲಿ ಎಲ್ಲರಿಗೂ ಪಾಲು



ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿ, ಆಸ್ಪತ್ರೆಯ ದಾದಿ, ಬೆಂಕಿಯಾರಿಸುವ ಸಿಬ್ಬಂದಿ ತಾವು ದುಡಿಯುವ ಊರಿನಲ್ಲಿ ವಾಸಿಸಲಾರದೆ ಹೋದರೆ ಆ ಊರನ್ನು ಸಮೃದ್ಧವೆನ್ನಬಹುದೇ? ವಾಷಿಂಗ್ಟನ್ನಿಗೆ ನೆರೆಯಾದ, ನಮ್ಮಲ್ಲನೇಕರು ನೆಲೆಸಿರುವ ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿ ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವನ್ನರಸಿತು.

ಅದಕ್ಕೆ ಮುನ್ನ, 1971ರಲ್ಲಿ, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯು ದೊಡ್ಡ ಬಡಾವಣೆಗಳಲ್ಲಿ ಶೇ. 15ರಷ್ಟು ಮನೆಗಳನ್ನು ಅಲ್ಪ ಹಾಗೂ ಮಧ್ಯಮ ವರಮಾನದವರಿಗೆ ಮೀಸಲಿಡಬೇಕೆಂದು ವಿಧಿಸಿತ್ತು. ಪರಿಹಾರವಿಲ್ಲದೆ ಖಾಸಗಿ ಆಸ್ತಿಯನ್ನು ಕಸಿದಂತಾಯಿತೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಅದನ್ನು ರದ್ದುಗೊಳಿಸಿತು.

1974ರಲ್ಲಿ ಜಾರಿಗೆ ಬಂದ ಮಾಂಟ್‌ಗೊಮರಿಯ ಕಾನೂನು ಕೇಳುವುದರ ಜೊತೆಗೆ ಕೊಡುವುದನ್ನೂ ಒಳಗೊಂಡಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಬಡಾವಣೆಯಲ್ಲಿ ಶೇ. 15ರಷ್ಟು ಮನೆಗಳು ನಿಯಂತ್ರಿತ ಬೆಲೆಗೆ ದೊರೆಯಬೇಕು. ಪ್ರತಿಯಾಗಿ ನಿರ್ಮಾಪಕನು ಅದೇ ಭೂಮಿಯಲ್ಲಿ ಶೇ. 20ರವರೆಗೆ ಹೆಚ್ಚು ಮನೆಗಳನ್ನು ಕಟ್ಟಬಹುದು. 100 ಮನೆಗಳಿಗೆ ಅವಕಾಶವಿದ್ದಲ್ಲಿ 120 ಏಳುತ್ತವೆ. ಅವುಗಳಲ್ಲಿ 18 ನಿಯಂತ್ರಿತ ಬೆಲೆಗೆ, ಉಳಿದ 102 ಮಾರುಕಟ್ಟೆಯ ಬೆಲೆಗೆ. ಪ್ರಮಾಣಗಳು ಅನಂತರ ಬದಲಾಗಿವೆ. ತತ್ತ್ವ ಮಾತ್ರ ಹಾಗೆಯೇ ಉಳಿದಿದೆ.

ಆದರೆ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆಲೆಯ ನಿರ್ಬಂಧ ಮೊದಲಿಗೆ ಕೇವಲ 5 ವರ್ಷಗಳದಾಗಿತ್ತು, 1981ರಲ್ಲಿ 10 ವರ್ಷಗಳಿಗೇರಿತು. ಅವಧಿ ತೀರಿದೊಡನೆ ಸಾವಿರಾರು ಮನೆಗಳು ಮಾರುಕಟ್ಟೆಗೆ ಸೇರಿಹೋದವು. ಸೋರುವ ಕೊಡಕ್ಕೆ ನೀರು ಹೊತ್ತಂತಾಯಿತು. 2005ರಲ್ಲಿ ಈ ಅವಧಿಯನ್ನು ಮಾರಾಟದ ಮನೆಗಳಿಗೆ 30, ಬಾಡಿಗೆಯ ಮನೆಗಳಿಗೆ 99 ವರ್ಷಗಳಿಗೆ ಹೆಚ್ಚಿಸಲಾಯಿತು.

ಈ ಮನೆಗಳಲ್ಲಿ ಒಂದು ಪಾಲನ್ನು ಕೌಂಟಿಯ ವಸತಿ ಆಯೋಗವೇ ಕೊಂಡು ಬಡ ಕುಟುಂಬಗಳಿಗೆ ಬಾಡಿಗೆಗೆ ನೀಡುತ್ತದೆ. ಆಯೋಗದ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಕುರಿತು ಹೆದರ್ ಶ್ವಾರ್ಟ್ಸ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಬಡತನ ತೀರ ಕಡಿಮೆಯಿರುವ ಶಾಲೆಗಳಿಗೆ ಹೋದವರು ಕಲಿಕೆಯಲ್ಲಿ, ವಿಶೇಷವಾಗಿ ಗಣಿತದಲ್ಲಿ, ಇತರರಿಗಿಂತ ಮುಂದೆ ಸಾಗಿದರೆಂದು ತೋರಿಸಿತು. ಮನೆ ಎಲ್ಲಿದೆಯೆಂಬುದೂ ಒಂದು ವಿದ್ಯೆಯೇ ಸರಿ.

ಈ ವ್ಯವಸ್ಥೆಗೆ ಮಿತಿಯುಂಟು. ಹೊಸ ಮನೆಗಳು ಏಳದಿದ್ದರೆ ಅದರ ಪಾಲೂ ಇಲ್ಲ. ಹೊರೆ ಮಿತಿಮೀರಿದರೆ ನಿರ್ಮಾಪಕನು ಹಿಂಜರಿಯುತ್ತಾನೆ. ಆದುದರಿಂದಲೇ ಹೆಚ್ಚುವರಿ ಮನೆಗಳ ಅನುಮತಿ ಈ ಕಾನೂನಿನ ಜೀವಾಳ. ನಮ್ಮ ಬಡಾವಣೆಯ ಪಕ್ಕದ ಬಯಲಿನ ಕುರಿತು ಸಾರ್ವಜನಿಕ ವಿಚಾರಣೆ ನಡೆಯುವಾಗ, ವಾಹನಸಂದಣಿಯ ನೆಪದಿಂದ ಆ 20 ಮನೆಗಳನ್ನು ಬೇಡವೆನ್ನುವುದು ಸುಲಭ. ಅವುಗಳನ್ನು ತಡೆದರೆ ಶಿಕ್ಷಕಿಗೂ ದಾದಿಗೂ ದೊರೆಯಬೇಕಾದ 18 ಮನೆಗಳ ಆಧಾರವನ್ನೇ ಕಿತ್ತಂತೆ ಎಂಬುದನ್ನು ಕೈಯೆತ್ತುವ ಮುನ್ನ ನಾವು ನೆನೆಯಬೇಕು.