ಗೆದ್ದದ್ದು ಆಟವೋ, ಆಡಿದ ಹೊತ್ತೋ?

ಲಕ್ವ ಹೊಡೆದ ಕೈ ಮತ್ತೆ ಮಾತು ಕೇಳಬೇಕಾದರೆ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿಸಬೇಕು. ಮಿದುಳು ಬದಲಿ ದಾರಿ ಹುಡುಕಿಕೊಳ್ಳುವುದು ಹಾಗೆಯೇ. ಮನೆಗೆ ಬಂದ ಮೇಲೆ ಈ ವ್ಯಾಯಾಮ ನಿಂತುಹೋಗುವುದು ಹೆಚ್ಚಾಗಿ ಬೇಸರದಿಂದ. 2006ರಲ್ಲಿ ನಿಂಟೆಂಡೊ ಕಂಪನಿಯ ‘ವೀ’, 2010ರಲ್ಲಿ ಮೈಕ್ರೋಸಾಫ್ಟ್‌ನ ‘ಕಿನೆಕ್ಟ್’ ಎಂಬ, ಮೈ ಅಲುಗಿಸಿ ಆಡುವ ವಿಡಿಯೊ ಗೇಮ್ ಸಾಧನಗಳು ಬಂದಾಗ ಫಿಸಿಯೋಥೆರಪಿಸ್ಟರು ಅವುಗಳತ್ತ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ವೀ ಕೈಯಲ್ಲಿರುವ ರಿಮೋಟಿನ ಅಲುಗಾಟವನ್ನು ಗ್ರಹಿಸುತ್ತದೆ. ಕಿನೆಕ್ಟ್ ಕ್ಯಾಮೆರಾದಿಂದಲೇ ಮೈಯ ಕೀಲುಗಳನ್ನು ಗುರುತಿಸುವುದರಿಂದ ಮುಷ್ಟಿ ಬಿಗಿಯಲಾರದವರೂ ಆಡಬಹುದು.

ಆದರೆ 2016ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ ಪ್ರಕಟಿಸಿದ ಅಧ್ಯಯನ ಈ ಉತ್ಸಾಹಕ್ಕೆ ತಣ್ಣೀರೆರಚಿತು. ಲಕ್ವವಾಗಿ ಮೂರು ತಿಂಗಳೊಳಗಿದ್ದ 141 ಮಂದಿಯಲ್ಲಿ ಒಂದು ಗುಂಪು ಮಾಮೂಲಿ ಚಿಕಿತ್ಸೆಯ ಜೊತೆ ವೀ ಆಡಿತು, ಇನ್ನೊಂದು ಇಸ್ಪೀಟು, ಬಿಂಗೊದಂಥ ಆಟ ಆಡಿತು. ಎರಡೂ ಗುಂಪಿನವರ ಕೈ ಸುಧಾರಿಸಿತು, ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಂತ್ರದ ಸೋಲು ಎಂದವರಿದ್ದಾರೆ. ಕೈ ಆಡಿದ ಹೊತ್ತಿಗೆ ಸಿಕ್ಕ ಗೆಲುವು ಎಂದು ನಾನು ಓದುತ್ತೇನೆ. 72 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ವಿಮರ್ಶೆಯೂ ಅದೇ ದಿಕ್ಕಿನಲ್ಲಿದೆ: ಚಿಕಿತ್ಸೆಯ ಬದಲಿಗೆ ಇಂಥ ಆಟ ಕೊಟ್ಟರೆ ಕೈಗೆ ಹೆಚ್ಚಿನ ಲಾಭವಿಲ್ಲ, ಚಿಕಿತ್ಸೆಯ ಮೇಲೆ ಕೂಡಿಸಿ ಒಟ್ಟು ಅವಧಿ ಹೆಚ್ಚಿಸಿದರೆ ಲಾಭವುಂಟು.

ಹಾಗಿದ್ದರೆ ಇಸ್ಪೀಟೇ ಸಾಕಲ್ಲ, ದುಬಾರಿ ಪೆಟ್ಟಿಗೆ ಏಕೆ? ಎಲೆ ಹಿಡಿಯಬಲ್ಲವರಿಗೆ, ಎದುರು ಕೂರುವವರಿದ್ದರೆ, ನಿಜಕ್ಕೂ ಸಾಕು. ಆದರೆ ಬೆಂಗಳೂರಿನ ಪೂರ್ವಭಾಗವನ್ನೇ ನೋಡಿ. ಲಿಂಗರಾಜಪುರದಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಹುಟ್ಟುಹಾಕಿದ ಅಂಗವಿಕಲರ ಸಂಸ್ಥೆ ಎಪಿಡಿ ಇದೆ, ಇಂದಿರಾನಗರದಲ್ಲಿ 1980ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಕೆ.ಆರ್. ಪುರದ ತಾಯಿಯೊಬ್ಬಳು ಇಂಥದೇ ವ್ಯಾಯಾಮ ಬೇಕಿರುವ, ಸೆರೆಬ್ರಲ್ ಪಾಲ್ಸಿಯ ಮಗುವನ್ನೆತ್ತಿಕೊಂಡು ದಿನವೂ ಈ ಸಂಸ್ಥೆಗಳಿಗೆ ಬರಲಾದೀತೇ? ಎರಡು ಭೇಟಿಗಳ ನಡುವಿನ ಖಾಲಿ ದಿನಗಳೇ ಆಟದ ಜಾಗ.

ಅಪಾಯವೂ ಅಲ್ಲೇ ಇದೆ. ಮೊಣಕೈ ಚಾಚಲಾಗದವರು ಸೊಂಟ ಬಾಗಿಸಿ ಚೆಂಡು ಮುಟ್ಟಿದರೂ ಪರದೆ ಅಂಕ ಕೊಟ್ಟುಬಿಡುತ್ತದೆ, ಮೈ ಕಳ್ಳದಾರಿ ಕಲಿಯುತ್ತದೆ. ಆರೋಗ್ಯವಂತರಿಗೆಂದು ಮಾಡಿದ ಆಟದ ವೇಗಕ್ಕೆ ಪಾರ್ಕಿನ್ಸನ್ ರೋಗಿ ಹೊಂದಿಕೊಳ್ಳಲಾಗದೆ ಬೀಳಲೂಬಹುದು. ಚಲನೆ ಸರಿಯಿದೆಯೇ ಎಂದು ನೋಡಿ ಆಟದ ಮಟ್ಟ ಬದಲಿಸಲು ಥೆರಪಿಸ್ಟ್ ಬೇಕೇ ಬೇಕು. ಪೆಟ್ಟಿಗೆಗಳಾದರೋ ಬಂದು ಹೋಗುತ್ತವೆ: ಕಿನೆಕ್ಟ್ ತಯಾರಿಕೆಯನ್ನು ಮೈಕ್ರೋಸಾಫ್ಟ್ 2017ರಲ್ಲೇ ನಿಲ್ಲಿಸಿತು. ಈ ಕೆಲಸಕ್ಕೆ ದಾನ ಕೊಡುವವರು ಪೆಟ್ಟಿಗೆಗಿಂತ ಮೊದಲು ಮನೆಮನೆಗೆ ಹೋಗುವ ಥೆರಪಿಸ್ಟರ ಸಂಬಳಕ್ಕೆ ಕೊಡಲಿ.